ಹೊಸ ಗಣಿ ಯೋಜನೆ ರೂಪಿಸುವಾಗ ಜೀವವೈವಿಧ್ಯದ ಪರಿಗಣನೆ: ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ಕಟ್ಟಡ ಕಲ್ಲು, ಪರಸಿ ಕಲ್ಲು, ಅಲಂಕಾರಿಕ ಶಿಲೆ, ಮುರುಂ ಹಾಗೂ ನದಿ ಮರಳಿನ ಗಣಿಗಾರಿಕೆಗಾಗಿ ಹೊಸದಾಗಿ ಅರ್ಜಿ ಸಲ್ಲಿಸಲು ಇಚ್ಛಿಸುವ ಸಾರ್ವಜನಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಇತ್ತೀಚಿನ ವರ್ಷಗಳಲ್ಲಿ ಸದರಿ ನಾಲ್ಕು ತಾಲ್ಲೂಕುಗಳಿಂದ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ ಮತ್ತು ಕೊಲ್ಹಾರ ತಾಲ್ಲೂಕುಗಳು ರಚನೆಯಾಗಿದ್ದು, ಇಲ್ಲಿ ಹಳೆಯ ತಾಲ್ಲೂಕಿನ ಹೆಸರು ಬಂದೆಡೆ ಹೊಸ ತಾಲ್ಲೂಕಿನ ಗ್ರಾಮಗಳೂ ಸೇರಿವೆ ಎಂದು ತಿಳಿಯತಕ್ಕದ್ದು. ಈ ಲೇಖನವು ಕಾಯ್ದೆ ಮತ್ತು ನಿಯಮಗಳ ಪೂರ್ಣ ಪಠ್ಯಕ್ಕೆ ಬದಲಿಯಲ್ಲ.

ಗಣಿ ಗುತ್ತಿಗೆಯ ಕಡತದಲ್ಲಿ ಜೀವವೈವಿಧ್ಯವೆಂಬ ವಿಷಯವು ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಜಮೀನು ಗೊತ್ತಾಗಿ, ಕಲ್ಲಿನ ಪರೀಕ್ಷೆಯಾಗಿ, ಬಂಡವಾಳ ಹೂಡಿದ ಮೇಲೆ ಪರಿಸರ ಅನುಮತಿಯ ಹಂತದಲ್ಲಿ ಆ ಅಂಕಣವನ್ನು ತುಂಬಲಾಗುತ್ತದೆ. ಆದರೆ ಜಾಗವನ್ನು ಬದಲಿಸಲು ಖರ್ಚಿಲ್ಲದಿರುವುದು ಜಾಗವನ್ನು ಆರಿಸುವ ದಿನ ಮಾತ್ರ. ಆದಕಾರಣ ಸರ್ವೆ ನಂಬರನ್ನು ನಿಶ್ಚಯಿಸುವ ಪೂರ್ವದಲ್ಲಿಯೇ ಈ ಕೆಳಗಿನ ಸಂಗತಿಗಳನ್ನು ಗಮನಿಸುವಂತೆ ಅರ್ಜಿದಾರರಲ್ಲಿ ಕೋರಲಾಗಿದೆ.

ಈ ಭಾಗದ ನೆಲದ ಸ್ವರೂಪ

ಜಿಲ್ಲೆಯ ಬಹುಭಾಗವು ದಖನ್ನಿನ ಕಪ್ಪು ಶಿಲೆಯಿಂದ, ಅಂದರೆ ಬಸಾಲ್ಟ್‌ನಿಂದ ಆವೃತವಾಗಿದೆ. ಜಲ್ಲಿಕಲ್ಲಿಗೆ ಬೇಡಿಕೆ ಇರುವುದು ಈ ಶಿಲೆಗೆ. ಮುದ್ದೇಬಿಹಾಳದ ತಾಳಿಕೋಟೆ ಭಾಗದಲ್ಲಿ ಭೀಮಾ ಶ್ರೇಣಿಯ ಸುಣ್ಣಕಲ್ಲಿನ ಪದರಗಳಿದ್ದು, ಪರಸಿ ಕಲ್ಲು ದೊರೆಯುತ್ತದೆ. ಕೃಷ್ಣಾ ನದಿಯ ಕಡೆಗೆ ಸಾಗಿದಂತೆ ಗ್ರಾನೈಟ್ ಕಾಣಿಸಿಕೊಳ್ಳುತ್ತದೆ. ಇಂಡಿ ಮತ್ತು ಸಿಂದಗಿಯ ಉತ್ತರದ ಅಂಚಿನಲ್ಲಿ ಹರಿಯುವ ಭೀಮಾ ನದಿಯು ಮರಳಿನ ಮೂಲವಾಗಿದೆ.

ಇಲ್ಲಿಯ ರೈತರು ಭೂಮಿಯನ್ನು ಎರಿ, ಮಸಾರಿ, ಮಡ್ಡಿ ಎಂದು ವಿಂಗಡಿಸುತ್ತಾರೆ. ಎರಿ ಭೂಮಿಯಲ್ಲಿ ಬಿಳಿಜೋಳ, ಕಡಲೆ, ತೊಗರಿ ಬೆಳೆಯುವುದರಿಂದಲೂ ಮಣ್ಣಿನ ಪದರ ಆಳವಾಗಿರುವುದರಿಂದಲೂ ಅಲ್ಲಿ ಕಲ್ಲುಗಣಿಯ ಪ್ರಸ್ತಾವನೆಗಳು ಬರುವುದು ವಿರಳ. ಮಡ್ಡಿಯಲ್ಲಿ ಮಣ್ಣು ಗೇಣುದ್ದವೂ ಇರುವುದಿಲ್ಲ, ಕಲ್ಲು ಕೈಗೆ ಸಿಗುವಂತಿರುತ್ತದೆ. ಮಡ್ಡಿ, ಗಾಯರಾಣ ಮತ್ತು ಖರಾಬು ಜಮೀನುಗಳ ಕಡೆಗೆ ಅರ್ಜಿದಾರರ ದೃಷ್ಟಿ ಹರಿಯುವುದು ಈ ಕಾರಣದಿಂದ ಸಹಜವೇ ಆಗಿದೆ.

ಸಮಸ್ಯೆ ಉದ್ಭವಿಸುವುದೂ ಇಲ್ಲಿಯೇ. ಸುಮಾರು 10,500 ಚದರ ಕಿಲೋಮೀಟರು ವಿಸ್ತೀರ್ಣದ ಈ ಜಿಲ್ಲೆಯಲ್ಲಿ ಅರಣ್ಯದ ಹೊದಿಕೆ ಶೇಕಡಾ 1ಕ್ಕಿಂತಲೂ ಕಡಿಮೆ. ದಟ್ಟ ಕಾಡಿಲ್ಲದ ಜಿಲ್ಲೆಯಲ್ಲಿ ಕಾಡುಪ್ರಾಣಿಗಳಿಗೂ ಹಕ್ಕಿಗಳಿಗೂ ಉಳಿದಿರುವ ಆಶ್ರಯವೆಂದರೆ ಉಳುಮೆಯಾಗದೆ ಉಳಿದ ಮಡ್ಡಿ, ಹುಲ್ಲಿನ ಬೀಳು, ಹಳ್ಳದ ದಂಡೆ ಮತ್ತು ನದೀ ತೀರ ಮಾತ್ರ. ಪಶ್ಚಿಮ ಘಟ್ಟದ ಜಿಲ್ಲೆಗಳಲ್ಲಿ ಗಣಿಗೆ ಕಾಡು ಅಡ್ಡ ಬರುತ್ತದೆ ಎಂಬ ಮಾತಿದೆ. ನಮ್ಮಲ್ಲಿ ಕಾಡಿಲ್ಲವೆಂಬ ಕಾರಣಕ್ಕೆ ಜೀವವೈವಿಧ್ಯವೂ ಇಲ್ಲವೆಂದು ಬರೆಯುವ ರೂಢಿ ಬಂದಿದೆ. ಕೇಂದ್ರ ಸರ್ಕಾರವು ಪ್ರಕಟಿಸುವ ಬಂಜರು ಭೂಮಿ ನಕಾಶೆಯಲ್ಲಿಯೂ ಕುರುಚಲು ಭೂಮಿಯು ಬಂಜರಿನ ವರ್ಗದಲ್ಲಿ ಸೇರಿರುವುದರಿಂದ ಈ ರೂಢಿಗೆ ಕಾಗದದ ಬೆಂಬಲವೂ ದೊರೆತಂತಾಗಿದೆ. ಕಂದಾಯ ದಾಖಲೆಯಲ್ಲಿ ಖರಾಬು ಎಂದರೆ ಕಂದಾಯ ಬಾರದ ಭೂಮಿ ಎಂದಷ್ಟೇ ಅರ್ಥ. ಅಲ್ಲಿ ಜೀವವಿಲ್ಲವೆಂದು ಅರ್ಥವಲ್ಲ.

ನಮೂನೆಯಲ್ಲಿ ಕೇಳಲಾಗುವ ಪ್ರಶ್ನೆ

ಉಪಖನಿಜಗಳ ಗುತ್ತಿಗೆಯನ್ನು ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳು, 1994ರ ಅಡಿಯಲ್ಲಿ ಮಂಜೂರು ಮಾಡಲಾಗುತ್ತದೆ. ಇದಲ್ಲದೆ ಪರಿಸರ (ಸಂರಕ್ಷಣೆ) ಕಾಯ್ದೆ, 1986ರ ಅಡಿಯಲ್ಲಿ ದಿನಾಂಕ 14-09-2006ರಂದು ಹೊರಡಿಸಲಾದ ಪರಿಸರ ಪರಿಣಾಮ ನಿರ್ಧಾರಣೆ ಅಧಿಸೂಚನೆಯ ಪ್ರಕಾರ ಪೂರ್ವ ಪರಿಸರ ಅನುಮತಿಯನ್ನು ಪಡೆಯಬೇಕಾಗುತ್ತದೆ. ಮೊದಲಿಗೆ 5 ಹೆಕ್ಟೇರಿಗಿಂತ ಕಡಿಮೆ ವಿಸ್ತೀರ್ಣದ ಗಣಿಗಳು ಇದರ ವ್ಯಾಪ್ತಿಯ ಹೊರಗಿದ್ದವು. ದೀಪಕ್ ಕುಮಾರ್ ವಿರುದ್ಧ ಹರಿಯಾಣ ರಾಜ್ಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ದಿನಾಂಕ 27-02-2012ರಂದು ನೀಡಿದ ಆದೇಶದ ತರುವಾಯ ಸಣ್ಣ ಗಣಿಗಳಿಗೂ ಅನುಮತಿ ಅಗತ್ಯವಾಯಿತು. 2016ರಲ್ಲಿ ಜಿಲ್ಲಾ ಮಟ್ಟದ ಪ್ರಾಧಿಕಾರಗಳಿಗೆ ವಹಿಸಲಾಗಿದ್ದ ಈ ಕಾರ್ಯವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ 2018ರ ಆದೇಶದ ನಂತರ ರಾಜ್ಯ ಮಟ್ಟದ ಪರಿಸರ ಪರಿಣಾಮ ನಿರ್ಧಾರಣಾ ಪ್ರಾಧಿಕಾರಕ್ಕೆ ಮರಳಿತು. ಅರ್ಜಿಯನ್ನು ಪರಿವೇಶ್ ಜಾಲತಾಣದ ಮೂಲಕ ಸಲ್ಲಿಸಬೇಕಾಗುತ್ತದೆ.

2006ರ ಅಧಿಸೂಚನೆಯ ನಮೂನೆ 1ರಲ್ಲಿ ಪರಿಸರ ಸೂಕ್ಷ್ಮತೆ ಎಂಬ ಭಾಗವಿದೆ. ಯೋಜನಾ ಸ್ಥಳದ ಗಡಿಯಿಂದ 15 ಕಿಲೋಮೀಟರು ವಾಯುದೂರದೊಳಗೆ ಸಂರಕ್ಷಿತ ಅಥವಾ ಮಹತ್ವದ ಸಸ್ಯ, ಪ್ರಾಣಿಗಳು ಸಂತಾನಾಭಿವೃದ್ಧಿಗೆ, ಗೂಡು ಕಟ್ಟಲು, ಮೇಯಲು, ವಿಶ್ರಮಿಸಲು, ಚಳಿಗಾಲ ಕಳೆಯಲು ಅಥವಾ ವಲಸೆಗೆ ಬಳಸುವ ಪ್ರದೇಶಗಳಿವೆಯೇ ಎಂದು ಅದರಲ್ಲಿ ಕೇಳಲಾಗಿದೆ. ಪ್ರಾಣಿ ಅಲ್ಲಿ ವಾಸವಾಗಿದೆಯೇ ಎಂದಷ್ಟೇ ಈ ಪ್ರಶ್ನೆ ಕೇಳುವುದಿಲ್ಲ. ವರ್ಷದ ಯಾವುದಾದರೂ ಒಂದು ಕಾಲದಲ್ಲಿ ಆ ನೆಲವನ್ನು ಬಳಸುತ್ತದೆಯೇ ಎಂದು ಕೇಳುತ್ತದೆ. ಬಹುಪಾಲು ಅರ್ಜಿಗಳಲ್ಲಿ ಇದಕ್ಕೆ ‘ಇಲ್ಲ’ ಎಂಬ ಒಂದೇ ಶಬ್ದದ ಉತ್ತರ ಬರೆಯಲಾಗುತ್ತದೆ.

ಈ ಶಬ್ದವನ್ನು ಹಗುರವಾಗಿ ಬರೆಯಬಾರದು. ಅನುಮತಿಯ ನಿರ್ಧಾರಕ್ಕೆ ಆಧಾರವಾಗುವ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ಮರೆಮಾಚಿದ್ದಲ್ಲಿ ಅಥವಾ ತಪ್ಪು ಮಾಹಿತಿ ನೀಡಿದ್ದಲ್ಲಿ ಅರ್ಜಿಯನ್ನು ತಿರಸ್ಕರಿಸಲು ಮತ್ತು ನೀಡಿದ ಅನುಮತಿಯನ್ನು ರದ್ದುಪಡಿಸಲು ಅದೇ ಅಧಿಸೂಚನೆಯ 8ನೇ ಕಂಡಿಕೆಯಲ್ಲಿ ಅವಕಾಶವಿದೆ. ಒಂದು ಸರಳ ನಿದರ್ಶನವನ್ನು ಗಮನಿಸಬಹುದು. ನವಿಲು ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ಒಂದನೇ ಅನುಸೂಚಿಗೆ ಸೇರಿದ ಪಕ್ಷಿ. ಸದರಿ ನಾಲ್ಕು ತಾಲ್ಲೂಕುಗಳಲ್ಲಿ ಹಳ್ಳದ ದಂಡೆಗೆ ನವಿಲು ಬಾರದ ಊರುಗಳು ಎಷ್ಟಿವೆ ಎಂಬುದನ್ನು ಅರ್ಜಿದಾರರೇ ಹೇಳಬಲ್ಲರು. ಅಧ್ಯಯನ ಪ್ರದೇಶದಲ್ಲಿ ಒಂದನೇ ಅನುಸೂಚಿಯ ಪ್ರಾಣಿ ಕಂಡುಬಂದಲ್ಲಿ ಅರಣ್ಯ ಇಲಾಖೆಯೊಡನೆ ಸಮಾಲೋಚಿಸಿ, ಹಣದ ಅಂದಾಜಿನೊಡನೆ ಸಂರಕ್ಷಣಾ ಯೋಜನೆಯನ್ನು ಸಲ್ಲಿಸಬೇಕೆಂಬುದು ಪರಿಸರ ಪರಿಣಾಮ ವರದಿಗೆ ವಿಧಿಸುವ ಸಾಮಾನ್ಯ ಷರತ್ತು. ‘ಇದೆ’ ಎಂದು ಬರೆದ ಮಾತ್ರಕ್ಕೆ ಅರ್ಜಿ ತಿರಸ್ಕೃತವಾಗುವುದಿಲ್ಲ. ಹಲವರಿಗೆ ಈ ಭಯವಿರುವುದರಿಂದ ಇದನ್ನು ಸ್ಪಷ್ಟಪಡಿಸಲಾಗಿದೆ.

ಮಡ್ಡಿಯ ವಾರ್ಷಿಕ ಲೆಕ್ಕ

ಮಡ್ಡಿಯು ಬರಿದಾಗಿ ಕಾಣುವುದು ಏಪ್ರಿಲ್–ಮೇ ತಿಂಗಳಲ್ಲಿ. ಸಲಹೆಗಾರರು ಸ್ಥಳ ವೀಕ್ಷಣೆಗೆ ಬರುವುದೂ ಬಹುತೇಕ ಒಣ ಕಾಲದಲ್ಲಿಯೇ. ವ್ಯಾಪಾರದ ಲೆಕ್ಕ ಬಲ್ಲವರು ಒಂದು ತಿಂಗಳ ಖಾತೆಯನ್ನು ನೋಡಿ ಅಂಗಡಿಯ ವರ್ಷದ ವಹಿವಾಟನ್ನು ನಿರ್ಣಯಿಸುವುದಿಲ್ಲ. ಭೂಮಿಗೂ ಅದೇ ನ್ಯಾಯ ಸಲ್ಲಬೇಕು.

ಮುಂಗಾರು ಬಿದ್ದ ಕೆಲವೇ ದಿನಗಳಲ್ಲಿ ಮಡ್ಡಿಯ ಮೇಲೆ ಕರಡದ ಹುಲ್ಲು ಏಳುತ್ತದೆ. ತಂಗಡಿ, ಕಾರೆ, ಬಾರಿ, ಜಾಲಿ ಗಿಡಗಳು ಚಿಗುರುತ್ತವೆ. ನೆಲಗುಬ್ಬಿ, ಪುರಲಿ, ಗೌಜಲಕ್ಕಿಗಳಲ್ಲಿ ಅನೇಕ ಜಾತಿಯವು ನೆಲದ ಮೇಲೆಯೇ ಗೂಡು ಮಾಡುವ ಹಕ್ಕಿಗಳಾಗಿದ್ದು, ಅವುಗಳಿಗೆ ಮರದ ಅವಶ್ಯಕತೆಯೇ ಇಲ್ಲ. ಮರ ಎಣಿಸಿ ವರದಿ ಬರೆಯುವ ಪದ್ಧತಿಯಲ್ಲಿ ಇವು ಲೆಕ್ಕಕ್ಕೆ ಸಿಗುವುದಿಲ್ಲ. ಹಿಂಗಾರಿನ ಹೊತ್ತಿಗೆ ಮಧ್ಯ ಏಷ್ಯಾ ಕಡೆಯಿಂದ ಸೆಳೆವ ಜಾತಿಯ ಬೇಟೆಹಕ್ಕಿಗಳು ದಖನ್ನಿನ ಬಯಲಿಗೆ ಬಂದು ಚಳಿಗಾಲವನ್ನು ಕಳೆಯುತ್ತವೆ. ಅವು ರಾತ್ರಿ ಹುಲ್ಲಿನ ನೆಲದಲ್ಲಿ ಗುಂಪಾಗಿ ತಂಗುತ್ತವೆ. ಹಗಲು ಮಿಡತೆಗಳನ್ನು ಹಿಡಿಯುತ್ತವೆ. ಜೋಳದ ಹೊಲವಿರುವ ರೈತನಿಗೆ ಇದರ ಬೆಲೆ ತಿಳಿಯದ್ದೇನಲ್ಲ.

ಕಲ್ಲಿನ ಕೊರಕಲುಗಳಲ್ಲಿ ಕೊಂಬಿನ ಗೂಬೆ ಮೊಟ್ಟೆ ಇಡುತ್ತದೆ. ಇಲಿ, ಹೆಗ್ಗಣಗಳೇ ಅದರ ಮುಖ್ಯ ಆಹಾರ. ಕೈಬಿಟ್ಟ ಹಳೆಯ ಗಣಿಗಳ ಗೋಡೆಗಳಲ್ಲಿಯೂ ಅದು ನೆಲೆಸುವುದುಂಟು. ಆದ್ದರಿಂದ ಹಳೆಯ ಗಣಿಯನ್ನು ಮತ್ತೆ ತೆರೆಯುವ ಪ್ರಸ್ತಾವನೆಯಾದರೂ ಮೊದಲು ಒಮ್ಮೆ ಗೋಡೆಯನ್ನು ನೋಡುವುದು ಒಳಿತು. ತೋಳವು ಚಳಿಗಾಲದಲ್ಲಿ ಇಂತಹ ದಿಬ್ಬ, ಹಳ್ಳಗಳ ಮಗ್ಗುಲಲ್ಲಿ ಗವಿ ಮಾಡಿ ಮರಿ ಹಾಕುತ್ತದೆ. ಇಂಡಿಗೆ ಉತ್ತರದಲ್ಲಿ ಗಡಿ ದಾಟಿದರೆ ಸೊಲ್ಲಾಪುರ ಜಿಲ್ಲೆಯ ನಾನ್ನಜ ಸುತ್ತಮುತ್ತ 1979ರಲ್ಲಿ ಘೋಷಿತವಾದ ಎರೆಬೂತ ಪಕ್ಷಿಧಾಮವಿದ್ದು, ತೋಳ, ಕೃಷ್ಣಮೃಗಗಳಿಗೂ ಆಶ್ರಯವಾಗಿದೆ. ಬಸವನ ಬಾಗೇವಾಡಿಗೆ ದಕ್ಷಿಣದಲ್ಲಿ ಕೃಷ್ಣೆಯಾಚೆ ಬೀಳಗಿ ಭಾಗದ ಯಡಹಳ್ಳಿಯಲ್ಲಿ ಚಿಂಕಾರ ವನ್ಯಜೀವಿಧಾಮವಿದೆ. ಎರಡೂ ಕಡೆ ಇರುವುದು ನಮ್ಮ ಮಡ್ಡಿಯಂತಹುದೇ ಕುರುಚಲು, ಹುಲ್ಲಿನ ನೆಲ. ಗದಗ ಜಿಲ್ಲೆಯ ಕಪ್ಪತಗುಡ್ಡವೂ ಒಣ ಸೀಮೆಯ ಕುರುಚಲು ಗುಡ್ಡವೇ ಆಗಿದ್ದು, 2019ರಲ್ಲಿ ವನ್ಯಜೀವಿಧಾಮವಾಯಿತು.

ಇನ್ನು ಬರಿದೆನ್ನುವ ಬೇಸಿಗೆಯ ಕುರಿತು. ದಖನ್ನಿನ ಕುರುಚಲು ನೆಲದಲ್ಲಿ ಬೀಸಣಿಗೆಯಂತಹ ಕೊರಳಿನ ಒಂದು ಬಗೆಯ ಓತಿಕ್ಯಾತಗಳಿವೆ. ಗಂಡು ಓತಿಯು ನೀಲಿ, ಕಪ್ಪು, ಕೇಸರಿ ಬಣ್ಣದ ಕೊರಳನ್ನು ಅರಳಿಸಿ ಕಲ್ಲಿನ ಮೇಲೆ ನಿಲ್ಲುವುದು ಕಡುಬೇಸಿಗೆಯ ಬಿಸಿಲಿನಲ್ಲಿ. ವಿಜ್ಞಾನಿಗಳು ಇವುಗಳನ್ನು ‘ಸರಡ’ ಎಂಬ ಪ್ರತ್ಯೇಕ ಕುಲವೆಂದು ಗುರುತಿಸಿದ್ದು 2016ರಷ್ಟು ಈಚೆಗೆ. ಜಲ್ಲಿಗಾಗಿ ಗುರುತು ಮಾಡಿದ ಚಪ್ಪಟೆ ಬಂಡೆಯೇ ಅದರ ಸಂತಾನದ ನೆಲೆಯಾಗಿರಬಹುದು.

ಇಂಡಿ ಮತ್ತು ಸಿಂದಗಿ ಭಾಗದ ಅರ್ಜಿದಾರರು ಲಿಂಬೆ ತೋಟಗಳ ವಿಷಯವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಬೇಸಿಗೆಯ ಬೆಲೆ ಸಿಗುವುದು ಹಸ್ತ ಬಹಾರದ ಕಾಯಿಗೆ. ಅದರ ಹೂವು ಬರುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಹೂವಿಗೆ ಬರುವ ಜೇನ್ನೊಣಗಳಲ್ಲಿ ಕೋಲುಜೇನು, ಹೆಜ್ಜೇನುಗಳು ಗೂಡು ಕಟ್ಟುವುದು ಬೇಲಿಯ ಜಾಲಿ, ಬಾರಿ ಮತ್ತು ಬಂಡೆಯ ಅಂಚುಗಳಲ್ಲಿ. ಗಣಿ ಮತ್ತು ಜಲ್ಲಿ ಸಾಗಣೆಯ ರಸ್ತೆಯ ಧೂಳು ಎಲೆಯ ಮೇಲೆ ಕುಳಿತರೆ ತೋಟದವನ ದೂರು ಬರುವುದು ನಿಶ್ಚಿತ. ತೋಟಗಳು ಗಾಳಿಯ ಯಾವ ದಿಕ್ಕಿಗಿವೆ, ಲಾರಿಗಳು ಯಾವ ದಾರಿಯಲ್ಲಿ ಹೋಗುತ್ತವೆ ಎಂಬುದನ್ನು ನಕ್ಷೆಯಲ್ಲಿ ಮೊದಲೇ ತೋರಿಸಿದಲ್ಲಿ ಮುಂದಿನ ಪತ್ರವ್ಯವಹಾರವು ಬಹಳ ಮಟ್ಟಿಗೆ ತಪ್ಪುತ್ತದೆ.

ನದಿ ಮತ್ತು ಹಿನ್ನೀರು

ಭೀಮೆಯ ಮರಳಿನ ವಿಷಯದಲ್ಲಿ ಕಾಲದ ತೊಡಕು ಇನ್ನೂ ಹೆಚ್ಚಾಗಿದೆ. ಮಳೆಗಾಲದಲ್ಲಿ ನದಿಪಾತ್ರದಲ್ಲಿ ಮರಳು ತೆಗೆಯುವುದಕ್ಕೆ ನಿರ್ಬಂಧವಿರುವುದರಿಂದ ಕೆಲಸವೆಲ್ಲ ನೀರು ಇಳಿದ ಮೇಲೆ ನಡೆಯುತ್ತದೆ. ನೀರು ಇಳಿದ ಮರಳದಿನ್ನೆಯ ಮೇಲೆ ನದಿರೀವ ಮತ್ತು ಟಿಟ್ಟಿಭಗಳು ಬಯಲಿನಲ್ಲಿಯೇ ಮೊಟ್ಟೆ ಇಡುವುದೂ ಆ ತಿಂಗಳುಗಳಲ್ಲಿಯೇ. ಆಮೆಗಳು ಮೊಟ್ಟೆ ಹೂಳುವುದು ದಂಡೆಯ ಮರಳಿನಲ್ಲಿ. ಕೃಷ್ಣೆಯಲ್ಲಿ ಮೊಸಳೆಗಳಿರುವುದು ಮುದ್ದೇಬಿಹಾಳದ ದಂಡೆಯ ಊರುಗಳಿಗೆ ಗೊತ್ತಿರುವ ಸಂಗತಿ. ಅವು ಬೇಸಿಗೆಯ ಆರಂಭದಲ್ಲಿ ದಂಡೆಯಲ್ಲಿ ಗುಂಡಿ ತೋಡಿ ಮೊಟ್ಟೆ ಇಡುತ್ತವೆ. ದಂಡೆ ಕಳೆದುಕೊಂಡ ಮೊಸಳೆ ಬೇರೆ ದಂಡೆ ಹುಡುಕುತ್ತದೆ, ಅದು ಬಟ್ಟೆ ಒಗೆಯುವ ಘಟ್ಟವೂ ಆಗಿರಬಹುದು.

ಕೇಂದ್ರ ಪರಿಸರ ಮಂತ್ರಾಲಯದ 2016ರ ಸುಸ್ಥಿರ ಮರಳು ಗಣಿಗಾರಿಕೆ ಮಾರ್ಗಸೂಚಿಗಳು ಮತ್ತು 2020ರ ಜಾರಿ ಹಾಗೂ ಮೇಲ್ವಿಚಾರಣೆ ಮಾರ್ಗಸೂಚಿಗಳು ಈ ಕುರಿತು ವಿವರವಾಗಿ ತಿಳಿಸುತ್ತವೆ. ಪ್ರತಿ ವರ್ಷ ನದಿಯು ಎಷ್ಟು ಮರಳನ್ನು ತಂದು ತುಂಬುತ್ತದೆ ಎಂಬ ಮರುಪೂರಣ ಅಧ್ಯಯನವೇ ಇವುಗಳ ತಿರುಳು. ಭೀಮೆಗೆ ಮೇಲ್ಭಾಗದಲ್ಲಿ ಉಜನಿ ಜಲಾಶಯವೂ, ಅದರ ಕೆಳಗೆ ಸಾಲಾಗಿ ಬಾಂದಾರಗಳೂ ಇರುವುದರಿಂದ ಹಿಂದಿನಂತೆ ಮರಳು ಹರಿದುಬರುತ್ತದೆ ಎಂದು ಭಾವಿಸಿ ಪ್ರಮಾಣವನ್ನು ನಮೂದಿಸುವುದು ಸರಿಯಲ್ಲ. ಮರಳು ಹೋದರೆ ದಂಡೆಯ ಬಾವಿಗಳ ನೀರೂ ಇಳಿಯುತ್ತದೆ.

ಆಲಮಟ್ಟಿ ಹಿನ್ನೀರಿಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು, ರಾಜಹಂಸ ಮುಂತಾದ ವಲಸೆ ಹಕ್ಕಿಗಳು ಬರುತ್ತವೆ. ನೀರಾವರಿಗಾಗಿ ನಿರ್ಮಿಸಿದ ಜಲಾಶಯಗಳು ಜೌಗುಪ್ರದೇಶ ನಿಯಮಗಳು, 2017ರ ವ್ಯಾಖ್ಯೆಯಿಂದ ಹೊರಗಿವೆ ಎಂಬುದು ನಿಜ. ಆದಾಗ್ಯೂ ಮೇಲೆ ತಿಳಿಸಿದ ನಮೂನೆಯ ಪ್ರಶ್ನೆಯು ಚಳಿಗಾಲ ಕಳೆಯುವ ಪ್ರದೇಶಗಳನ್ನು ಸ್ಪಷ್ಟವಾಗಿ ಕೇಳುತ್ತದೆ. ನಿಡಗುಂದಿ, ಕೊಲ್ಹಾರ ಭಾಗದಲ್ಲಿ ಮೇ ತಿಂಗಳ ವೀಕ್ಷಣೆಯ ಆಧಾರದ ಮೇಲೆ ವಲಸೆ ಹಕ್ಕಿಗಳಿಲ್ಲವೆಂದು ಬರೆದರೆ ಅದು ಒಪ್ಪುವಂತಹ ಮಾಹಿತಿಯಾಗುವುದಿಲ್ಲ.

ಅಕ್ಕಪಕ್ಕದ ಗಣಿಗಳು

ಒಂದು ಎಕರೆ, ಎರಡು ಎಕರೆಯ ಗಣಿಯಿಂದ ಏನಾದೀತು ಎಂಬ ಪ್ರಶ್ನೆ ಸಹಜ. ಒಂದೇ ಬಗೆಯ ಖನಿಜದ ಪ್ರದೇಶದಲ್ಲಿ ಒಂದು ಗುತ್ತಿಗೆಯ ಅಂಚಿನಿಂದ ಇನ್ನೊಂದರ ಅಂಚಿಗೆ 500 ಮೀಟರಿಗಿಂತ ಕಡಿಮೆ ಅಂತರವಿದ್ದಲ್ಲಿ ಅವುಗಳನ್ನು ಗುಂಪು ಎಂದು ಪರಿಗಣಿಸಲಾಗುತ್ತದೆ. ಒಂದೇ ಗುತ್ತಿಗೆಯಾಗಲಿ, ಗುಂಪಾಗಲಿ 5 ಹೆಕ್ಟೇರ್ ಮೀರಿದಲ್ಲಿ ಪರಿಸರ ಪರಿಣಾಮ ವರದಿ ಮತ್ತು ನಿರ್ವಹಣಾ ಯೋಜನೆಯನ್ನು, ಗುಂಪಾದರೆ ಇಡೀ ಗುಂಪಿಗೆ ಅನ್ವಯಿಸಿ, ಸಿದ್ಧಪಡಿಸಬೇಕೆಂದು ಹಸಿರು ನ್ಯಾಯಮಂಡಳಿಯು 2018ರಲ್ಲಿ ನಿರ್ದೇಶಿಸಿದೆ. ಒಂದೇ ಮಡ್ಡಿಯ ಮೇಲೆ ಹತ್ತು ಜನ ಒಂದೊಂದು ತುಂಡು ತೆಗೆದುಕೊಂಡರೆ ಮಡ್ಡಿಯೇ ಉಳಿಯುವುದಿಲ್ಲ ಎಂಬುದು ಇದರ ಹಿಂದಿನ ವಿವೇಚನೆ. ಅರ್ಜಿದಾರರು ಪಕ್ಕದ ಗುತ್ತಿಗೆಗಳ ವಿವರವನ್ನು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಯಿಂದ ಮೊದಲೇ ಪಡೆಯುವುದು ಒಳಿತು.

ವನ್ಯಜೀವಿಧಾಮ, ರಾಷ್ಟ್ರೀಯ ಉದ್ಯಾನಗಳ ಗಡಿಯಿಂದ 1 ಕಿಲೋಮೀಟರಿನೊಳಗೆ ಗಣಿಗಾರಿಕೆಯನ್ನು ಸರ್ವೋಚ್ಚ ನ್ಯಾಯಾಲಯವು ನಿಷೇಧಿಸಿದೆ. ಅರಣ್ಯ ಭೂಮಿಯಾಗಿದ್ದಲ್ಲಿ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ (2023ರಲ್ಲಿ ಹೆಸರು ಬದಲಾಗಿದೆ) ಕೇಂದ್ರದ ಅನುಮೋದನೆ ಬೇಕು.

ಗ್ರಾಮದಲ್ಲಿ ವಿಚಾರಿಸುವುದು

5 ಹೆಕ್ಟೇರಿನವರೆಗಿನ, ಗುಂಪಿಗೆ ಸೇರದ ಗಣಿಗಳಿಗೆ ಸಾರ್ವಜನಿಕ ಅಹವಾಲು ಸಭೆ ಇರುವುದಿಲ್ಲ. ಅಂದರೆ ಆ ಜಾಗವನ್ನು ಚೆನ್ನಾಗಿ ಬಲ್ಲವರು ಮಾತನಾಡಲು ನಿಯಮದಲ್ಲಿ ಗೊತ್ತುಪಡಿಸಿದ ದಿನವೇ ಇಲ್ಲ. ಈ ಕೊರತೆಯನ್ನು ಅರ್ಜಿದಾರರೇ ತುಂಬಿಕೊಳ್ಳಬಹುದು. ಜೀವವೈವಿಧ್ಯ ಕಾಯ್ದೆ, 2002ರ 41ನೇ ಪ್ರಕರಣದಡಿ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳನ್ನು ರಚಿಸಲು ಅವಕಾಶವಿದ್ದು, ಅವು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸುತ್ತವೆ. ಗಣಿ ಗುತ್ತಿಗೆಯನ್ನು ತಡೆಯುವ ಅಧಿಕಾರ ಕಾಯ್ದೆಯಲ್ಲಿ ಈ ಸಮಿತಿಗಿಲ್ಲ. ಆದರೆ ಗ್ರಾಮ ಪಂಚಾಯಿತಿಯಲ್ಲಿ ಆ ದಾಖಲಾತಿಯನ್ನು ನೋಡಿ, ಸಂಬಂಧಪಟ್ಟ ಪುಟಗಳ ಪ್ರತಿಯನ್ನು ಅರ್ಜಿಯೊಡನೆ ಲಗತ್ತಿಸಿದಲ್ಲಿ ಮಾಹಿತಿಯ ಮೂಲವೊಂದು ದೊರೆತಂತಾಗುತ್ತದೆ. ದಾಖಲಾತಿಗಳ ಗುಣಮಟ್ಟ ಊರಿಂದೂರಿಗೆ ಬಹಳ ಭಿನ್ನವಾಗಿರುತ್ತದೆಂಬುದನ್ನೂ ಹೇಳಬೇಕಾಗುತ್ತದೆ.

ದಾಖಲಾತಿಗಿಂತಲೂ ಕುರಿಗಾರರು ಹೆಚ್ಚು ಬಲ್ಲರು. ತೋಳದ ಗವಿ ಎಲ್ಲಿದೆ, ಬೇಸಿಗೆಯಲ್ಲಿ ನೀರು ಬತ್ತದ ಮಡು ಯಾವುದು, ಯಾವ ಓಣಿಯಲ್ಲಿ ಪ್ರಾಣಿಗಳು ದಾಟುತ್ತವೆ ಎಂಬುದು ಅವರಿಗೆ ದಿನನಿತ್ಯದ ತಿಳಿವಳಿಕೆ. ಗಾಯರಾಣದ ಮೇಲೆ ಗಣಿಯಾದರೆ ಮೊದಲು ಮೇವು ಕಳೆದುಕೊಳ್ಳುವವರೂ ಅವರೇ. ಅವರನ್ನು ಆರಂಭದಲ್ಲಿ ವಿಚಾರಿಸದೆ ಹೋದರೆ ತಕರಾರು ಅರ್ಜಿಯ ರೂಪದಲ್ಲಿ ಅದೇ ಮಾಹಿತಿ ಮುಂದೆ ಕಚೇರಿಗೆ ಬರುತ್ತದೆ.

ಗಣಿಯ ಯೋಜನೆ ಮತ್ತು ಮುಚ್ಚುವಿಕೆ

ಗಡಿಯೊಳಗೆ ಬಿಡಬೇಕಾದ 7.5 ಮೀಟರು ಸುರಕ್ಷತಾ ಪಟ್ಟಿಯಲ್ಲಿ ಗಿಡ ನೆಡುವ ಷರತ್ತು ಸಾಮಾನ್ಯವಾಗಿ ಇರುತ್ತದೆ. ಬೇಗ ಹಸಿರು ಕಾಣಲೆಂದು ನೀಲಗಿರಿ, ಬಳ್ಳಾರಿ ಜಾಲಿಗಳನ್ನು ಹಾಕಬಾರದು. ಬಳ್ಳಾರಿ ಜಾಲಿಯು ಪಕ್ಕದ ಹುಲ್ಲುನೆಲವನ್ನೂ ಆಕ್ರಮಿಸುತ್ತದೆ. ಬೇವು, ಕರಿಜಾಲಿ, ಬಾರಿ, ತಂಗಡಿ ಹಾಗೂ ಸ್ಥಳೀಯ ಹುಲ್ಲು ಈ ಮಣ್ಣಿಗೆ ಒಗ್ಗಿದವು. ಮೇಲ್ಮಣ್ಣು ಗೇಣುದ್ದವೇ ಇದ್ದರೂ ಅದನ್ನು ಬೇರೆಯಾಗಿ ತೆಗೆದು, ಹಳ್ಳಕ್ಕೆ ಹರಿಯದಂತೆ ಕೂಡಿಡಬೇಕು. ಹುಲ್ಲಿನ ಬೀಜ ಇರುವುದು ಅದರಲ್ಲಿಯೇ.

ಸರ್ವೋಚ್ಚ ನ್ಯಾಯಾಲಯವು ದಿನಾಂಕ 08-01-2020ರಂದು ನೀಡಿದ ಆದೇಶದನ್ವಯ, ಗಣಿಗಾರಿಕೆ ಮುಗಿದ ತರುವಾಯ ಗುತ್ತಿಗೆದಾರರು ಗಣಿ ಪ್ರದೇಶದಲ್ಲಿ ಹಾಗೂ ಗಣಿಯಿಂದ ಹಾಳಾದ ಇತರೆ ಜಾಗದಲ್ಲಿ ಮತ್ತೆ ಹುಲ್ಲು ಬೆಳೆಸಿ, ಮೇವು, ಸಸ್ಯ ಮತ್ತು ಪ್ರಾಣಿಗಳಿಗೆ ಯೋಗ್ಯವಾದ ಸ್ಥಿತಿಗೆ ತರಬೇಕಾಗಿದೆ. ಇದರ ವೆಚ್ಚವನ್ನು ಗುತ್ತಿಗೆದಾರರೇ ಭರಿಸಬೇಕು. ಹುಲ್ಲುನೆಲವೇ ಪ್ರಧಾನವಾದ ನಮ್ಮ ಭಾಗಕ್ಕೆ ಈ ಆದೇಶ ಬಹಳ ಮುಖ್ಯವಾದುದು. ಕಪ್ಪು ಶಿಲೆಯ ಆಳವಾದ ಹೊಂಡದಲ್ಲಿ ನೀರು ನಿಲ್ಲುತ್ತದೆ, ಅದು ಊರಿಗೆ ಉಪಯೋಗವೆಂದು ಬರೆದುಕೊಡುವವರಿದ್ದಾರೆ. ಇಳಿಜಾರು, ಬೇಲಿ ಇಲ್ಲದ ಹೊಂಡದಲ್ಲಿ ದನಕರು, ಮಕ್ಕಳು ಬಿದ್ದ ಮೇಲೆ ಆ ಉಪಯೋಗದ ಮಾತು ಯಾರೂ ಆಡುವುದಿಲ್ಲ. ಹೊಂಡದ ಒಂದು ಬದಿಯಾದರೂ ಮೆಟ್ಟಿಲಾಗಿ ಇಳಿಯುವಂತೆ ಗಣಿ ಯೋಜನೆಯ ನಕ್ಷೆಯಲ್ಲಿಯೇ ತೋರಿಸತಕ್ಕದ್ದು.

ಹಿಂದೆ ನೋಡದೆ ಮುಂದೆ ಸರಿಪಡಿಸುವ ವೆಚ್ಚ ಎಷ್ಟೆಂಬುದಕ್ಕೆ ರಾಜ್ಯದಲ್ಲಿಯೇ ನಿದರ್ಶನವಿದೆ. ಬಳ್ಳಾರಿಯ ಕಬ್ಬಿಣದ ಅದಿರಿನ ಗಣಿಗಳನ್ನು ಸರ್ವೋಚ್ಚ ನ್ಯಾಯಾಲಯವು ದಿನಾಂಕ 29-07-2011ರಂದು ಸ್ಥಗಿತಗೊಳಿಸಿತು. 18-04-2013ರ ತೀರ್ಪಿನಲ್ಲಿ ‘ಸಿ’ ವರ್ಗದ ಗುತ್ತಿಗೆಗಳು ರದ್ದಾದವು. ಉಳಿದವರು ಪ್ರತಿ ಗಣಿಗೂ ಪುನಶ್ಚೇತನ ಮತ್ತು ಪುನರ್ವಸತಿ ಯೋಜನೆಯನ್ನು ಅನುಷ್ಠಾನಗೊಳಿಸಬೇಕಾಯಿತು. ನಮ್ಮ ಜಿಲ್ಲೆಯ ಗಣಿಗಳು ಅದರ ಮುಂದೆ ಅತಿ ಸಣ್ಣವು, ಹಾಗೆಯೇ ನಮ್ಮ ಗುತ್ತಿಗೆದಾರರ ಬಂಡವಾಳವೂ ಸಣ್ಣದು. ವರ್ಷಗಟ್ಟಲೆ ನಿಂತ ಗಣಿಯ ಬಡ್ಡಿಯನ್ನು ತಡೆದುಕೊಳ್ಳುವ ಶಕ್ತಿ ಬಹಳ ಜನರಿಗಿಲ್ಲ.

ಜಮೀನಿನ ಪಹಣಿ ಹಾಗೂ ನಕ್ಷೆಯೊಡನೆ, ಮುಂಗಾರಿನ ನಂತರ ಒಮ್ಮೆ ಮತ್ತು ಚಳಿಗಾಲದಲ್ಲಿ ಒಮ್ಮೆ ದಿನಾಂಕ ಸಹಿತ ತೆಗೆದ ಸ್ಥಳದ ಛಾಯಾಚಿತ್ರಗಳು, 500 ಮೀಟರಿನೊಳಗಿನ ಇತರ ಗುತ್ತಿಗೆಗಳ ಪಟ್ಟಿ, ಹಳ್ಳ, ಬಾವಿ, ತೋಟ ಮತ್ತು ಗಾಯರಾಣಗಳನ್ನು ಗುರುತಿಸಿದ ಗ್ರಾಮ ನಕ್ಷೆ, ರಕ್ಷಿತ ಪ್ರದೇಶದಿಂದ ಇರುವ ದೂರದ ಬಗ್ಗೆ ಅರಣ್ಯ ಇಲಾಖೆಯ ದೃಢೀಕರಣ ಮತ್ತು ಜೀವವೈವಿಧ್ಯ ದಾಖಲಾತಿಯ ಪ್ರತಿಯನ್ನು ಸಿದ್ಧವಾಗಿಟ್ಟುಕೊಂಡು ನಂತರ ಸಲಹೆಗಾರರನ್ನು ನೇಮಿಸಿಕೊಳ್ಳುವುದು. ಇವುಗಳಲ್ಲಿ ಛಾಯಾಚಿತ್ರ ಹಾಗೂ ದಾಖಲಾತಿಯ ಪ್ರತಿಯನ್ನು ಯಾವ ನಿಯಮವೂ ಕಡ್ಡಾಯವಾಗಿ ಕೇಳುವುದಿಲ್ಲ; ಪರಿಶೀಲನೆಯ ವೇಳೆ ಪ್ರಶ್ನೆ ಎದ್ದಾಗ ಉತ್ತರಿಸಲು ಇವು ಸಹಾಯಕವಾಗುತ್ತವೆ.